ಒಂದು ಎಸ್

ವಿದ್ಯಾನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ನನ್ನ ಕೀಬೋರ್ಡು.
ಎಸ್ ಸವೆದು ಕಾಣದಾಗಿದೆ, ಬೆರಳಿಗೆ ಗೊತ್ತು.

ಬೆಂಡಿಗೇರಿ ವಕೀಲರು ಕೆಂಪು ಪೆನ್ನು ತೆಗೆದರೆಂದರೆ
ಚಹಾ ಆರಿತೆಂದೇ ಲೆಕ್ಕ.
‘ಎವಿಡೆನ್ಸಸ್ ಅಂತ ಯಾವಂವ ಕಲಿಸಿದ್ದಲೇ ನಿನಗ?
ಎಸ್ ಕಿತ್ತ ಒಗಿ.’
ಸರ, ಫೋಟೋನ ಒಂಬತ್ತು ಅದಾವ, ಪಂಚನಾಮೆ ಒಂದು,
ಸಾಕ್ಷಿಗೆ ಚುನಮರಿ ಅಂಗಡಿಯಂವ, ಎದುರಿನ ಬೀಗದಂವ...
‘ತೊಂಬತ್ತಿರಲಿ.
ಅರಳಿ ಇದ್ದಂಗ ಅದು, ಎಷ್ಟು ಹಿಂಜಿದರೂ ಅರಳಿನ.’

ಮುಂದಿನ ಸಾಲಿಗೂ ಅದೇ ಪೆನ್ನು:
‘ಇಲ್ಲಿ ಡ್ಯಾಮೇಜ್ ಅಂತ ಬಿಟ್ಟೀಯಲ್ಲ, ಎಸ್ ಹಚ್ಚು.
ಎಸ್ ಇಲ್ಲದ್ದು ಮುರಿದ ಮಷೀನು.
ಎಸ್ ಇದ್ದದ್ದು ರೊಕ್ಕ.’

ಬಾಕಿನ ತುದಿಗೆ ಕೂತಿದ್ದರು ಇಮಾಂಬಿ ನದಾಫ,
ಗಣೇಶಪೇಟೆಯ ಗಾದಿಯವಳು.
ಇದ್ದದ್ದೊಂದು ಹಿಂಜುವ ಮಷೀನು;
ಗಟಾರ ಅಗೆಯಲು ಬಂದ ಜೇಸಿಬಿ
ಗೋಡೆಯನ್ನು ಅದರ ಮೇಲೆಯೇ ಕೆಡವಿತ್ತು.
‘ಲುಕ್ಸಾನ ಒಂದ ಆಗೇತ್ರಿ ತಮ್ಮಾ. ಹೆಚ್ಚಿಗಿ ಬರಿಬ್ಯಾಡ್ರಿ.
ನಾಳೆ ಸುಳ್ಳ ಹೇಳ್ಯಾಳ ಅಂದಾರು.’

ಹೇಗೆ ಹೇಳಲಿ,
ಕಳೆದದ್ದು ಏಕವಚನ, ಕೇಳುವುದು ಬಹುವಚನ ಎಂದು?
ಸ್ಕ್ರೀನಿಗೆ ಬೆರಳಿಟ್ಟು ತೋರಿಸಿದೆ.
ಕಣ್ಣು ಕಿರಿದು ಮಾಡಿ ನೋಡಿದಳು:
‘ಡೊಂಕಾದ ದಬ್ಬಣ ಅಲ್ರಿ ಇದು? ಇದರಿಂದ ಏನ ಹೊಲಿತೀರಿ?’

ಹನ್ನೊಂದೂಕಾಲಿಗೆ ಕೂಗು ಬಿತ್ತು.
‘ಏ ಇಮಾಂಬೀ, ಬಾ’ ಅಂದ ಜವಾನ, ಮೂರು ಸಲ,
ಮೂರನೆಯದಕ್ಕೆ ಅವಳು ಅವನೆದುರೇ ನಿಂತಿದ್ದಳು.
ಆಮೇಲೆ ದನಿ ಇಳಿಸಿ,
‘ಇನಾಮದಾರ ಸಾಹೇಬರು ಬಂದಾರೇನ್ರೀ?’
ಗುತ್ತಿಗೆದಾರ ಒಬ್ಬನೇ ಮನುಷ್ಯ,
ಬಂದೇ ಇರಲಿಲ್ಲ,
ಆದರೂ ಬಹುವಚನ.
ವಕೀಲರ ಪೆನ್ನು ಜೇಬಿನಲ್ಲೇ ಇತ್ತು.

ಮುಂದಿನ ತಾರೀಖು ಕೊಟ್ಟರು.
ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿ
ಅವಳು ಬಸ್ಸಿಗೆ ಹೋದಮೇಲೆ
ಬಾಕಿನ ಮೇಲೊಂದು ಎಳೆ ಅರಳಿ.
ಊದಿದೆ. ಹೋಗಲಿಲ್ಲ.

ರಾತ್ರಿ ಇದನ್ನೆಲ್ಲ ಬರೆದು ಓದಿಕೊಂಡೆ.
ಕೂತಿದ್ದಳು, ನೋಡಿದಳು, ಅವಳು, ಅವಳು.
ಗುತ್ತಿಗೆದಾರನನ್ನು ಒಬ್ಬನೇ ಎಂದು ಬರೆಯುವಾಗಲಂತೂ
ಬೆರಳು ಒಂದು ಗಳಿಗೆ ಅಂಜಿತ್ತು.
ಒಂದು ಕಡೆ ಮಾತ್ರ ತಿದ್ದಿದೆ:
ಕೂತಿದ್ದರು.
ಉಳಿದವು ಇದ್ದಲ್ಲೇ ಇರಲಿ,
ನನ್ನ ಮೇಲಿನ ಪುರಾವೆ.
ಎಷ್ಟಿದ್ದರೂ ಒಂದೇ.