ಘಾಟು

ಸಂಜಿ ನಾಕರ ಮ್ಯಾಲೆ ನಮ್ಮ ಕೆಲಸ.
ನಾಳೆ ಅರಳೋ ಮೊಗ್ಗು ಯಾವುದು ಅಂತ ಬೆರಳೇ ಹೇಳತೈತಿ.
ಚಿಮಟದಿಂದ ಎಸಳು ಬಿಡಿಸಿ, ಒಳಗಿನ ಐದು ನೀಲಿ ಗಂಡು
ಒಂದೊಂದಾಗಿ ಕಿತ್ತು ಒಗೀಬೇಕು.
ಒಂದು ಉಳಿದ್ರೂ ಕೂಲಿ ಕಟ್.
ಮುಂಜಾನೆ ಬೆರಳಿಗೆ ಉಂಗುರ,
ಚಿನ್ನದ್ದಲ್ಲ, ಪ್ಲಾಸ್ಟಿಕ್ಕಿನದು, ನಡುವ ಸಣ್ಣ ಗುಣಿ,
ಗುಣಿಯೊಳಗ ಬ್ಯಾರೆ ಗಿಡದ ಪುಡಿ.
ಹೂವಿಗೆ ಮುಟ್ಟಿಸಿ, ತೊಟ್ಟಿಗೆ ಕೆಂಪು ಉಲ್ಲನ್ ದಾರ ಕಟ್ಟಿದ್ರ
ಮದುವಿ ಆತು.
ರಾಣೇಬೆನ್ನೂರಿನ ಹಸಿರು ಪರದೆ ಮನಿಯೊಳಗ ಹನ್ನೊಂದು ವರ್ಷ
ಇಂಥಾ ಮದುವಿ ಎಷ್ಟು ಮಾಡಿಸೀನೋ,
ಲೆಕ್ಕ ಸೂಪರ್‌ವೈಸರ್ ಪುಸ್ತಕದಾಗ ಐತಿ.

ಕುಪ್ಪೇಲೂರ ಸಾಹೇಬ್ರು ರಾತ್ರಿ ಮನಿಗೆ ಹೋಗತಿರಲಿಲ್ಲ.
ಬ್ಯಾಡಗಿ ಪೇಟ್ಯಾಗ ಯಾರೂ ಕಂಡಿರಬಾರದು
ಅಂಥಾ ಕೆಂಪು ಬೇಕಾಗಿತ್ತು ಅವರಿಗೆ.
"ರೋಗ ಮುಟ್ಟಬಾರದು, ಬಣ್ಣ ಬಿಡಬಾರದು,
ಹತ್ತು ವರ್ಷ ಗೋದಾಮಿನಾಗ ಇಟ್ರೂ
ರಗತ ಇದ್ಧಂಗ ಇರಬೇಕು, ಹುಲಿಗೆವ್ವಾ" ಅಂತಿದ್ರು,
ನನ್ನ ಕೂಡ ಅಲ್ಲ, ನನ್ನ ಹಿಂದಿನ ಗ್ವಾಡಿ ಕೂಡ.
ಚಹಾ ಆರಿ ಕೆನಿ ಕಟ್ಟತಿತ್ತು.
ಮಗಳ ಜಾವಳಕ್ಕೂ ಹೋಗಲಿಲ್ಲಂತ,
ವಾಚ್‌ಮನ್ ಮೌಲಾಸಾಬ ಹೇಳತಿದ್ದ.

ಕಾರ್ತೀಕದಾಗ ಒಂದು ನಸುಕು, ಬಲ್ಬಿನ ಬೆಳಕಿಗೆ
ಮೊದಲನೇ ಕಾಯಿ ಹಣ್ಣಾಗಿತ್ತು.
ಕೆಂಪಲ್ಲ ಅದು. ಕೆಂಪು ಮುಗದ ಮ್ಯಾಲೆ ಬರೋದು.
ನಡಗೋ ಕೈಲೆ ಬ್ಲೇಡು ಹಚ್ಚಿ ಸೀಳಿದ್ರು.
ಒಳಗ ಏನೂ ಇರಲಿಲ್ಲ.
ಬೀಜ ಕೂಡೋ ಬಿಳೀ ಗದ್ದುಗಿ ಮಾತ್ರ ಇತ್ತು,
ಯಾರೂ ಬರದ ಚಪ್ಪರದಂಗ.
ಹೂವು ಬಿಡಿಸಿ ನೋಡಿದ್ರ ಐದೂ ಗಂಡು ಒಣಗಿ ಮುರುಟಿ,
ಪುಡಿ ಅನ್ನೋದು ಚೂರೂ ಇಲ್ಲ.
ನಾವು ಕೀಳೋದು ಬೇಕಾಗಿರಲಿಲ್ಲ,
ಹುಟ್ಟತಲೇ ಕಿತ್ತಿಸಿಕೊಂಡು ಬಂದಿತ್ತು.

ಅವರು ಗಿಡದ ಮಾರಿ ನೋಡಿದ್ರು.
ಆಮ್ಯಾಲೆ ನೋಡಲಿಲ್ಲ.
"ಸುಡ್ರಿ" ಅಂದು ಕಾರಿನ ಗಾಜು ಏರಿಸಿ ಹೋದ್ರು.

ಮೆಣಸಿನಕಾಯಿ ಸುಟ್ಟೀರೇನು ಯಾವಾಗರ?
ದೃಷ್ಟಿ ತಗದು ನಾಕು ಒಲಿಗೆ ಹಾಕೋದಲ್ಲ, ಮಡಿಗೆ ಮಡಿ.
ಅವತ್ತ ಗಾಳಿ ಊರ ಕಡೆ ಇತ್ತು.
ದೇವರಗುಡ್ಡ ರೋಡಿನ ಓಣಿ ಓಣಿ ಕೆಮ್ಮಿತು,
ತೊಟ್ಟಿಲ ಕೂಸು, ಗ್ವಾದಲಿ ಎತ್ತು, ಬಸ್ಸಿನಾಗಿನ ಮಂದಿ.
ಯಾರೂ ಸಾಯದ ಮನಿಯೊಳಗ ಎಲ್ಲಾರೂ ಅತ್ತರು.
ದೃಷ್ಟಿ ಆಗಿದ್ರ ಘಾಟು ಬರೂದಿಲ್ಲ ಅಂತಿದ್ಲು ನಮ್ಮವ್ವ.
ಬಂತಲ್ಲ.
ಹಂಗಾರ ಇದು ಯಾರ ಕಣ್ಣಿಂದಲೂ ಆದದ್ದಲ್ಲ,
ಕೈಯಿಂದ ಆದದ್ದು.
ಯಾರ ಕೈ?
ತಲಿ ಅವರದು, ಬೋರ್ಡಿನ ಮ್ಯಾಲಿನ ಹೆಸರೂ ಅವರದು.
ಚಿಮಟ ಹಿಡದಾಕಿ ನಾನು.

ಒಂದನ್ನ ಸೆರಗಿನಾಗ ಮುಚ್ಚಿ ತಂದೆ.
ಕರುಣಿ ಅಂತ ತಿಳೀಬ್ಯಾಡ್ರಿ, ಕೈ ಬಿಡಲಿಲ್ಲ, ಅಷ್ಟ.
ಎಣ್ಣಿ ಡಬ್ಬಿಯೊಳಗ, ಮಾಳಗಿ ಮ್ಯಾಲೆ, ಮೂರು ವರ್ಷ ಆತು.
ಹೂ ಬಿಡತೈತಿ, ಉದುರಸತೈತಿ.
ರಾತ್ರಿ ಎಲಿ ಸಪ್ಪಳಾದ್ರ ಮನ್ಯಾಗಿನವರು ಬೆಕ್ಕು ಅಂತಾರ.
ಅದು ಏನು ಕೇಳತೈತಿ ಅಂತ ನನಗ ಗೊತ್ತು.

ಒಮ್ಮೆ ಡಬ್ಬಿ ಹೊತ್ತು ಅವರ ಗೇಟಿಗೆ ಹೋದೆ.
"ಸಾಹೇಬ್ರ, ನಿಮ್ಮದು ಇದು."
ಚಾಳೀಸ ಏರಿಸಿ ಬಗ್ಗಿ ನೋಡಿದ್ರು. "ನಂಬರ್ ಎಷ್ಟು?"
ಚೀಟಿ ಅವತ್ತೇ ಸುಟ್ಟಿತ್ತು.
"ನಂಬರ್ ಇಲ್ಲದ್ದು ನಂದಲ್ಲವ್ವಾ" ಅಂದ್ರು, ಭಾಳ ಮೆತ್ತಗ.
ಒಳಗ ಯಾರೋ ಒಗ್ಗರಣಿಗೆ ಕಾಯಿ ಮುರದು ಹಾಕಿದ್ರು.
ಗೇಟು ಹಾಕೋವಾಗ ಕೆಮ್ಮತಿದ್ರು.

ಇವತ್ತ ನಸುಕಿಗೆ ಒಂದ ಒಂದು ಹೂ ಅರಳೈತಿ.
ಮಗ್ಗಲದ ಮನಿ ಹಿತ್ತಲದಾಗ ಜವಾರಿ ಗಿಡ, ಪುಡಿ ತುಂಬಿ ನಿಂತೈತಿ.
ಉಂಗುರ ಹಾಕ್ಕೊಂಡು ಕುಂತೀನಿ.
ಮುಟ್ಟಿಸಿದ್ರ ಬೀಜ ಆದೀತು.
ಹುಟ್ಟೋದು ಎಂಥಾದ್ದೋ, ಯಾರ ಹೊಲಕ್ಕ ಹಾರತೈತೋ,
ನಾಳೆ ಬಂದು ಅವ್ವ ಯಾರು ಅಂತ ಕೇಳಿದ್ರ
ಹಾಕ್ಕೊಳ್ಳಾಕ ನನಗ ಗೇಟಿಲ್ಲ.

ಬಿಸಲು ಏರಾಕ ಹತ್ತೈತಿ.
ಹತ್ತರ ಮ್ಯಾಲೆ ಹೂ ಬಾಡತೈತಿ.