ಮೂವತ್ತು-ನಲವತ್ತರ ಲೆಕ್ಕ

ಹಳೆಯ ಟ್ರೇಸಿಂಗ್ ಹಾಳೆಯ ಬೆನ್ನಿಗೆ
ಇವತ್ತು ರಾತ್ರಿ ಕೂತು ಬರೆದೆ.
ಸ್ಕೇಲು ಒಂದಕ್ಕೆ ನೂರಲ್ಲ,
ಒಂದಕ್ಕೆ ಒಂದು:

ಸಾಲ ಏಳು ಲಕ್ಷ ನಲವತ್ತು ಸಾವಿರ.
ಐದು ವರ್ಷ ಅದೂ ನನ್ನ ಜೊತೆಗೇ ಓದಿ
ಒಂಬತ್ತು ಲಕ್ಷ ಇಪ್ಪತ್ತಾಗಿ ಪಾಸಾಯಿತು,
ನನಗಿಂತ ಒಳ್ಳೆ ದರ್ಜೆಯಲ್ಲಿ.
ಕಂತು ಹನ್ನೆರಡು ಸಾವಿರದ ನಾನೂರಾ ಹದಿನಾಲ್ಕು,
ಹತ್ತು ವರ್ಷ.
ವಿದ್ಯಾನಗರದ ಆಫೀಸಿನಲ್ಲಿ ಸಂಬಳ ಹದಿನೈದು ಸಾವಿರ.
ಉಳಿದ ಎರಡು ಸಾವಿರದ ಐನೂರಾ ಎಂಬತ್ತಾರರಲ್ಲಿ
ಸ್ಕೂಟಿಯ ಪೆಟ್ರೋಲು, ಅಜ್ಜಿಯ ಬಿಪಿ ಮಾತ್ರೆ,
ಪಾಯಿಂಟ್ ಮೂರರ ಒಂದು ಪೆನ್ನು.

ಅಪ್ಪ ಸೆಂಟ್ರಿಂಗ್ ದಾದಾಪೀರ.
ದಿನಕ್ಕೆ ಒಂಬೈನೂರು.
ಇಪ್ಪತ್ತಾರು ದಿನ ಕೆಲಸ ಸಿಕ್ಕ ತಿಂಗಳು
ಇಪ್ಪತ್ಮೂರು ಸಾವಿರದ ನಾನೂರು.
ನಾನು ಗೆರೆ ಎಳೆಯುವ ಸ್ಲ್ಯಾಬಿಗೆ ಹಲಗೆ ಹೊಡೆಯುವವನು
ನನಗಿಂತ ಎಂಟು ಸಾವಿರ ಮುಂದೆ.
ಇದನ್ನು ಅವನಿಗೆ ಹೇಳಲಿಲ್ಲ. ಅವನಿಗೆ ಗೊತ್ತು.
ಉಗುರಿನ ಸಿಮೆಂಟು ಬಿಡಿಸುತ್ತಾ
"ನಿಮ್ ಆಫೀಸ್ನಾಗೆ ಫ್ಯಾನ್ ಐತಲ್ಲ" ಅಂದ.

ನಿಟ್ಟುವಳ್ಳಿಯಲ್ಲಿ ಮೂವತ್ತು-ನಲವತ್ತರ ಸೈಟು,
ಹಿಂಡಿ ಅಂಗಡಿಯ ತಿಪ್ಪೇಶಪ್ಪನವರದ್ದು.
"ನಕ್ಷೆಗೂ ದುಡ್ಡೇನಮ್ಮ?
ನಮ್ ಮೇಸ್ತ್ರಿ ಬೀಡಿ ಕಟ್ಟಿನ ಮೇಲೇ ಬರೆದು ಕೊಡ್ತಾನೆ,
ವಾಸ್ತು ಸಮೇತ."
ನಲವತ್ತು ಸಾವಿರದ ಫೀಸು ಒಂಬತ್ತಕ್ಕೆ ಇಳಿಯಿತು.
ಆಮೇಲೆ ಯಾರನ್ನೂ ಕೇಳದೆ
ಮುಂಬಾಗಿಲ ಗೋಡೆಗೆ ಮೂರು ಲಕ್ಷದ ಗ್ರಾನೈಟು.
ನಾನು ಬಿಡಿಸಿದ್ದ ಕಿಟಕಿ ಅದರ ಹಿಂದೆ ಎಲ್ಲೋ ಇದೆ.

ಎರಡನೇ ವರ್ಷ ದುರ್ಗಕ್ಕೆ ಬಸ್ಸಿನಲ್ಲಿ ಹೋಗಿ
ಕೋಟೆಯ ಗೋಡೆ ಅಳೆದಿದ್ದೆವು.
ಟೇಪಿನ ತುದಿ ಹಿಡಿದವಳು ನಾನು.
ಗಾರೆಯಿಲ್ಲ, ಮಣ್ಣಿಲ್ಲ, ಇದನ್ನು ಹಿಡಿದು ನಿಲ್ಲಿಸಿರೋದು ಏನು,
ಕೇಳಿದರು ಮೇಷ್ಟ್ರು.
"ಭಾರವೇ ಸರ್" ಅಂದೆ.
ಹತ್ತಕ್ಕೆ ಒಂಬತ್ತು ಕೊಟ್ಟರು.
ಈಗ ಕೇಳಿದರೆ ಏನು ಹೇಳುತ್ತಿದ್ದೆನೋ.

ಹೋದ ಭಾನುವಾರ
ಅಜ್ಜಿ ಹುಸೇನ್‌ಬಿಯ ಮಂಡಕ್ಕಿ ಭಟ್ಟಿಯಲ್ಲಿ
ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದೆ:
ಮಾಡು ಇಲ್ಲಿಂದ ಒಂದೂವರೆ ಅಡಿ ಎತ್ತಬೇಕು,
ತಗಡು ಇಲ್ಲಿ ಬಿಚ್ಚಬೇಕು.
ಅಪ್ಪ ಏನೂ ಕೇಳಲಿಲ್ಲ,
ಹಳೇ ಹಲಗೆ ತಂದ, ಮೊಳೆ ಹೊಡೆದ.
ಮಧ್ಯಾಹ್ನ ಒಲೆಗೆ ಹೊಟ್ಟು ಸುರಿದಾಗ
ಹೊಗೆ ರೂಢಿಯಂತೆ ಅಜ್ಜಿಯ ಕಣ್ಣ ಕಡೆಗೇ ಬಂತು,
ತಬ್ಬಿಬ್ಬಾಗಿ ನಿಂತಿತು,
ಆಮೇಲೆ ಮೇಲೆ ನೋಡಿ ಹೊರಟಿತು.
ಬಾಣಲೆಯಲ್ಲಿ ಮರಳು ಕಾದು ಅಕ್ಕಿ ಸಿಡಿಯುತ್ತಿತ್ತು.
"ಬೆಂಕಿ ಬಣ್ಣ ಕಾಣ್ತತೆ ಈಗ"
ಅಂದಳು. ಅಷ್ಟೇ.

ಪಕ್ಕದ ಭಟ್ಟಿಯ ರಸೂಲ್‌ಸಾಬ್
ಬಾಗಿಲಲ್ಲಿ ನಿಂತು ಮಾಡು ನೋಡಿದ, ನನ್ನ ನೋಡಿದ.
"ನಮಗೂ ಒಂದು ಮಾಡಿಕೊಡ್ತೀಯೇನವ್ವ?
ಎಷ್ಟು ತಗಂತಿ?"

ಐದು ವರ್ಷದ ಓದು, ಅರವತ್ತು ಪೇಪರು,
ಈ ಪ್ರಶ್ನೆ ಒಂದರಲ್ಲೂ ಬಂದಿರಲಿಲ್ಲ.
ಪುಕ್ಕಟೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.
ಅಜ್ಜಿ ಜರಡಿ ಕೆಳಗಿಡದೆ, ತಿರುಗದೆ ಹೇಳಿದಳು:
"ಆಕಿ ಸಾಲ ಮಾಡಿ ಓದ್ಯಾಳೆ ರಸೂಲ.
ಎರಡು ಸಾವಿರ. ಮೊಳೆ ನಿಂದು."
ಅವನು ಸಾವಿರದ ಐನೂರು ಅಂದ.
ಅಜ್ಜಿ ಜರಡಿ ಆಡಿಸುತ್ತಲೇ ಇದ್ದಳು.
ಸರಿ ಬಿಡು ಅಂದ.

ಕೂಡಿಸಿದೆ ಅದನ್ನೂ, ಕಡೆಯ ಸಾಲಿನಲ್ಲಿ.
ಹೊಂದಲಿಲ್ಲ.
ನಾಳೆ ಐದನೇ ತಾರೀಖು,
ಬೆಳಿಗ್ಗೆ ನಾನು ಏಳುವ ಮೊದಲೇ ಫೋನು ಗುಂಯ್ ಅನ್ನುತ್ತದೆ.

ಹಾಳೆ ತಿರುಗಿಸಿದೆ.
ಈಚೆ ಬದಿಗೆ ಅದೇ ಎರಡನೇ ವರ್ಷದ ಕೋಟೆ ಗೋಡೆ,
ಕಲ್ಲಿಗೆ ಕಲ್ಲು ಕೂಡಿಸಿ ಬಿಡಿಸಿದ್ದು.
ಹಾಳೆ ತೆಳ್ಳಗಿದೆ.
ಕಲ್ಲುಗಳ ಮೇಲೆಲ್ಲ ಕಾಣುತ್ತಿವೆ
ಈಗಷ್ಟೇ ಬರೆದ ಅಂಕಿಗಳು,
ಉಲ್ಟಾ.