ತೊಳೆದ ಮೇಲೆ

ಸಂಡೂರಿನ ಗುಡ್ಡದಲ್ಲಿ ಬಣ್ಣವನ್ನು ನಂಬಬಾರದು.
ಎಲೆ ಕೆಂಪು, ಜೇಡನ ಬಲೆ ಕೆಂಪು,
ಮುಂದೆ ನಡೆವ ವಾಚರ್ ಓಬಳೇಶನ ಹುಬ್ಬು ಕೆಂಪು.
ಶ್ರಾವಣದ ಎರಡು ಮಳೆ ತೊಳೆದದ್ದನ್ನು
ಅದಿರಿನ ಲಾರಿಗಳು ಮತ್ತೆ ಬಳಿದು ಹೋಗಿವೆ.

ದಿಂಡಿಗದ ಬುಡದಲ್ಲಿ ಮೊಣಕಾಲೂರಿ ಕೂತೆ.
ಹುಲ್ಲಿಗೆ ಸುತ್ತಿಕೊಂಡ ಬಳ್ಳಿ, ಒಂದೇ ಹೂ,
ಕಿರುಬೆರಳಿನಷ್ಟು.
ಪುಸ್ತಕ ಕೇಳುತ್ತದೆ, ನಾನು ಹೇಳುತ್ತೇನೆ.
ಎಲೆ ಎದುರುಬದುರೇ? ಹೌದು.
ಕಾಂಡ ಮುರಿದರೆ ಹಾಲೋ, ನೀರೋ?
ಮುರಿಯಲಾರೆ, ಇರುವುದೇ ಒಂದು.
ಕೊಳವೆಯ ಬುಡ ಉಬ್ಬಿದೆಯೇ? ಉಬ್ಬಿದೆ,
ಹಾಲು ಕುಡಿದೆದ್ದ ಕರುವಿನ ಹೊಟ್ಟೆಯ ಹಾಗೆ.
ಎಸಳೈದೂ ತುದಿಯಲ್ಲಿ ಕೂಡಿ
ಕಂದೀಲಿನ ತಂತಿಯಂತೆ ಬಾಗಿವೆ.
ಬಣ್ಣ?

ಇಲ್ಲಿ ತಡೆದೆ.
ಕೆಂಗಂದಾದರೆ ಪುಟ ಮೂವತ್ತೊಂದು,
ಹಸಿರುಬಿಳಿಯಾದರೆ ಮೂವತ್ತನಾಲ್ಕು.
"ಏನ್ ಮೇಡಂ, ಪರೀಕ್ಷೆ ನಿಮಗೋ ಹೂವಿಗೋ?"
ಓಬಳೇಶ ಬೀಡಿ ಹುಡುಕುತ್ತ ನಕ್ಕ.

ಕಟ್ಟಿಗೆಯ ಹೊರೆ ಇಳಿಸಿ ಗಾಳೆಮ್ಮ ಬಂದಳು.
ಹೂವನ್ನು ನೋಡಲಿಲ್ಲ,
ಬಳ್ಳಿ ನೆಲ ಹೊಕ್ಕ ಜಾಗ ನೋಡಿದಳು.
"ಇದರ ಗಡ್ಡಿ ತಿಂದೀವಿ, ಕುರಿ ಕಾಯಾಗ.
ಸಿಪ್ಪಿ ತೆಗದ್ರ ಸೌತಿಕಾಯಿ ಹಂಗ, ತಣ್ಣಗ."
ಹೆಸರು?
"ನಮ್ಮವ್ವ ಏನೋ ಅಂತಿದ್ದಳು..."
ತುಟಿ ಆಡಿಸಿದಳು. ಬರಲಿಲ್ಲ.
ಹೊರೆ ಹೊತ್ತು ಇಳಿದು ಹೋದಳು.

ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು
ಹನಿ ಹನಿಯಾಗಿ ಬಿಟ್ಟೆ.
ಕೆಂಪು ಇಳಿಯಿತು. ಕೆಳಗೆ ಹಸಿರುಬಿಳಿ,
ಎಳೆ ಜೋಳದ ತೆನೆಯದು.
ಕೊರಳಲ್ಲಿ ಮಾತ್ರ ಸಣ್ಣ ಕೆಂಪು ಗೀರುಗಳು.
ಮತ್ತೊಂದು ಮುಚ್ಚಳ ಸುರಿದೆ.
ಹೋಗಲಿಲ್ಲ.
ಇನ್ನೊಂದು.
ಇಲ್ಲ, ಆ ಕೆಂಪು ಗಣಿಯದಲ್ಲ,
ಹೂವಿನದೇ.

ಒಳಗೆ, ಕೆಳಮುಖದ ಕೂದಲುಗಳಾಚೆ,
ಸಾಸಿವೆಗಿಂತ ಚಿಕ್ಕ ನೊಣವೊಂದು ಸಿಕ್ಕಿಕೊಂಡಿದೆ.
ಹೂ ಬಾಡಿದಾಗ ಕೂದಲೂ ಬಾಡಿ
ಬಾಗಿಲು ತೆರೆಯುತ್ತದಂತೆ, ಪುಸ್ತಕದ ಮಾತು.
ನೀರು ತಾಗಿತೇನೋ ಎಂದು ಬಹಳ ಹೊತ್ತು ನೋಡಿದೆ.
ಕಾಲು ಆಡಿಸಿತು.

ಪುಟ ಮೂವತ್ತನಾಲ್ಕು ತಿರುವುವಾಗ
ಕೆಳಗಿನ ತಿರುವಿನಿಂದ ಗಾಳೆಮ್ಮ ಕೂಗಿದಳು:
ನೆನಪಾಯಿತು ನೋಡ್ರೀ, ಅದು...
ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆಯಿತು.
ಗಾಳಿಯಲ್ಲಿ ಉಳಿದದ್ದು "ಗಡ್ಡಿ" ಅಷ್ಟೇ.
"ಏನಂದ್ಲು?" ಅಂದೆ. ಓಬಳೇಶ ತಲೆಯಾಡಿಸಿದ.

ಶಾಸ್ತ್ರದ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ.
ಊರಿನ ಹೆಸರಿನ ಸಾಲಿನಲ್ಲಿ,
ಮುಂದೆ ನಾಲ್ಕಕ್ಷರಕ್ಕೆ ಜಾಗ ಬಿಟ್ಟು,
ಗಡ್ಡಿ.